ಹೊಗೆಯೋ, ಪೊರಕೆಯೋ? ನಗರದ ಮರಗಳ ಸೂಕ್ಷ್ಮಜೀವಿಗಳನ್ನು ಕುರಿತು



ಸಸ್ಯಶಾಸ್ತ್ರವನ್ನು ಕನ್ನಡದಲ್ಲೇ ಪಾಠ ಹೇಳಿದ ಗುರುಗಳ ಹೆಸರಿನ ಈ ದತ್ತಿಯಲ್ಲಿ ಮಾತನಾಡಲು ನನ್ನನ್ನು ಕರೆದಿದ್ದೀರಿ.

ಮರದ ಎಲೆ, ತೊಗಟೆ, ಬೇರುಗಳ ಮೇಲೆಲ್ಲ ಬ್ಯಾಕ್ಟೀರಿಯಾ, ಯೀಸ್ಟ್, ಶಿಲೀಂಧ್ರಗಳು ನೆಲೆಸಿರುತ್ತವೆ. ಎಲೆಯ ಮೇಲಿನ ಈ ಲೋಕಕ್ಕೆ 1950ರ ದಶಕದ ನಡುವಿನಲ್ಲಿ ಲಾಸ್ಟ್ ಮತ್ತು ರೂಯಿನೆನ್ ಎಂಬ ಇಬ್ಬರು ಬೇರೆ ಬೇರೆಯಾಗಿಯೇ ಫಿಲ್ಲೋಸ್ಫಿಯರ್ ಎಂಬ ಹೆಸರು ಕೊಟ್ಟರು. ಉಳಿದ ಮೂಲಪಾಠ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ನಾನು ನೇರವಾಗಿ ಒಂದು ಜಗಳಕ್ಕೆ ಬರುತ್ತೇನೆ.

ಬ್ರಿಟನ್ನಿನಲ್ಲಿ ಸಿಕಮೋರ್ ಎಂಬ ಮರವಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ಎಲೆಗಳ ಮೇಲೆ ಡಾಂಬರು ಸಿಡಿದಂತೆ ಕಪ್ಪು ಮಚ್ಚೆಗಳು ಏಳುತ್ತವೆ. ರಿಟಿಸ್ಮಾ ಏಸರಿನಮ್ ಎಂಬ ಶಿಲೀಂಧ್ರದ ಕೆಲಸ ಅದು. ಮರಕ್ಕೆ ದೊಡ್ಡ ಹಾನಿಯಿಲ್ಲ. ಹಳ್ಳಿಗಾಡಿನಲ್ಲಿ ಧಾರಾಳವಾಗಿ ಕಾಣುತ್ತಿದ್ದ ಈ ಮಚ್ಚೆ ದೊಡ್ಡ ಊರುಗಳ ಒಳಗೆ ಕಾಣುತ್ತಿರಲಿಲ್ಲ. ಏಕೆ?

1976ರಲ್ಲಿ ಬೆವನ್ ಮತ್ತು ಗ್ರೀನ್‌ಹಾಲ್ಗ್ ಕೊಟ್ಟ ಉತ್ತರ ಹೊಗೆ. ಕಲ್ಲಿದ್ದಲು ಉರಿಸಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಶಿಲೀಂಧ್ರವನ್ನು ಅಡಗಿಸುತ್ತದೆ, ಆದ್ದರಿಂದ ಮಚ್ಚೆಗಳನ್ನು ಎಣಿಸಿ ಗಾಳಿಯ ಮಾಲಿನ್ಯವನ್ನು ಅಳೆಯಬಹುದು ಎಂದರು. ಈ ವಾದದ ಹಿಂದೆ ಬಲವಾದ ಪರಂಪರೆಯಿತ್ತು. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂಗಳನ್ನು ನೋಡಿದ ನೈಲಾಂಡರ್ 1866ರಲ್ಲೇ ಅವುಗಳಿಗೂ ಗಾಳಿಯ ಶುದ್ಧತೆಗೂ ನಂಟು ಕಂಡಿದ್ದ. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಮರದ ತೊಗಟೆಯ ಕಲ್ಲುಹೂಗಳಿಂದ ಗಾಳಿಯ ಸಲ್ಫರ್ ಡೈಆಕ್ಸೈಡ್ ಪ್ರಮಾಣವನ್ನು ಅಂದಾಜು ಮಾಡುವ ಮಾಪಕವನ್ನೇ ರಚಿಸಿದರು. ಗುಲಾಬಿಯ ಕಪ್ಪುಚುಕ್ಕೆ ರೋಗವೂ ಗಂಧಕದ ಹೊಗೆ ದಟ್ಟವಾಗಿದ್ದಲ್ಲಿ ತಗ್ಗುತ್ತಿತ್ತು.

ಕಲ್ಲುಹೂವಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಅದು ವರ್ಷವಿಡೀ ತೊಗಟೆಗೆ ಅಂಟಿಕೊಂಡೇ ಬದುಕುತ್ತದೆ, ನೀರನ್ನೂ ಪೋಷಕಾಂಶವನ್ನೂ ಮಳೆ ಗಾಳಿಗಳಿಂದಲೇ ಪಡೆಯುತ್ತದೆ. ಗಾಳಿ ಕೆಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಡಾಂಬರು ಮಚ್ಚೆಯ ಜೀವನ ಹಾಗಿಲ್ಲ. ಮಚ್ಚೆಯ ಎಲೆ ಉದುರಬೇಕು, ಚಳಿಗಾಲವೆಲ್ಲ ನೆಲದ ಮೇಲೆ ಬಿದ್ದಿರಬೇಕು, ವಸಂತದಲ್ಲಿ ಆ ತರಗೆಲೆಯಿಂದಲೇ ಬೀಜಕಗಳು ಚಿಮ್ಮಿ ಹೊಸ ಚಿಗುರಿಗೆ ತಗುಲಬೇಕು. ಊರಿನಲ್ಲಿ ಆ ಎಲೆಗೆ ಏನಾಗುತ್ತದೆ? ಗುಡಿಸಿ ಒಯ್ಯುತ್ತಾರೆ.

ಎಡಿನ್‌ಬರೋದಲ್ಲಿ ಕೆಲಸ ಮಾಡಿದ ಲೀತ್ ಮತ್ತು ಫೌಲರ್ 1988ರಲ್ಲಿ ಇದನ್ನೇ ಹೇಳಿದರು. ಊರಿನ ಮರಗಳಲ್ಲಿ ಮಚ್ಚೆ ಇಲ್ಲದಿರಲು ಕಾರಣ ಸೋಂಕಿನ ಮೂಲವಾದ ತರಗೆಲೆಯೇ ಅಲ್ಲಿ ಇಲ್ಲದಿರುವುದು ಎಂದರು. ಕಲ್ಲಿದ್ದಲ ಹೊಗೆ ಇಳಿದ ಮೇಲೂ ಮಚ್ಚೆ ಎಲ್ಲ ಕಡೆ ಮರಳಲಿಲ್ಲ. ಹೊಗೆಯೊಂದೇ ಕಾರಣವೆನ್ನುವವರು ಇದಕ್ಕೆ ಉತ್ತರ ಕೊಡಲೇಬೇಕು.

2016ರಲ್ಲಿ ಉತ್ತರ ಬಂತು. ಇಂಗ್ಲೆಂಡಿನ ಜನಸಾಮಾನ್ಯರು ಸೇರಿಸಿಕೊಟ್ಟ ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ಗಾಸ್ಲಿಂಗ್ ಮತ್ತು ಸಂಗಡಿಗರು ಪರಿಶೀಲಿಸಿದರು. ತರಗೆಲೆ ಕಡಿಮೆಯಿದ್ದಲ್ಲಿ ಮಚ್ಚೆ ಕಡಿಮೆ. ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಘನ ಮೀಟರಿಗೆ ಸುಮಾರು 20 ಮೈಕ್ರೋಗ್ರಾಂ ದಾಟಿದಲ್ಲೂ ಕಡಿಮೆ. ತಾಪಮಾನ ಹೆಚ್ಚಿ ಮಳೆ ತಗ್ಗಿದಲ್ಲೂ ಹಾಗೆಯೇ. ಎರಡೂ ಪಕ್ಷ ಗೆದ್ದವು ಎಂದು ಇದನ್ನು ಓದುವವರಿದ್ದಾರೆ. ಆ ರಾಜಿಯನ್ನು ನಾನು ಒಪ್ಪಲಾರೆ. ಹೊಗೆ ಅಡಗಿಸುವುದು ಬಂದ ಬೀಜಕವನ್ನು. ಬೀಜಕ ಹುಟ್ಟುವ ನೆಲೆಯನ್ನೇ ತೆಗೆದುಹಾಕಿದ ಬೀದಿಯಲ್ಲಿ ಹೊಗೆಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಎರಡೂ ಕಾರಣ ನಿಜವಿರಬಹುದು. ಅವು ಸರಿಸಮವಲ್ಲ, ಒಂದು ಇನ್ನೊಂದಕ್ಕಿಂತ ಮೊದಲು ಬರುತ್ತದೆ.

ಇನ್ನೊಂದು ವಾದವೂ ಈಚೆಗೆ ಕೇಳುತ್ತಿದೆ: ನಗರದ ಮರದಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಕುಗ್ಗಿಲ್ಲ, ಹೆಚ್ಚೇ ಇದೆ, ಆದ್ದರಿಂದ ಚಿಂತೆ ಬೇಡ. 2017ರಲ್ಲಿ ಪ್ರಕಟವಾದ ಮಾಂಟ್ರಿಯಲ್ ಅಧ್ಯಯನ ಏಳು ಜಾತಿಯ ಮರಗಳ ಎಲೆಗಳನ್ನು ನೋಡಿತು. ನಗರದ ಒತ್ತಡ ಏರಿದಂತೆ ಬ್ಯಾಕ್ಟೀರಿಯಾಗಳ ವೈವಿಧ್ಯವೂ ಏರಿದ್ದು ನಿಜ. ಆದರೆ ಅಲ್ಲೇ, ಎಲೆಗಳ ಮೇಲೆ ಸಾಮಾನ್ಯವಾಗಿ ಪ್ರಬಲವಾಗಿರುವ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನ ಪಾಲು ಇಳಿದಿತ್ತು. ಬರಿಯ ಎಣಿಕೆ ಹೆಚ್ಚಿದ್ದನ್ನು ಆರೋಗ್ಯವೆಂದು ಕರೆಯುವುದು ಅವಸರದ ತೀರ್ಮಾನ. ಯಾರು ಹೋದರು, ಯಾರು ಬಂದರು, ಬಂದವರು ಎಲ್ಲಿಂದ ಬಂದರು ಎಂದು ಮೊದಲು ಕೇಳಬೇಕು. ಪ್ರತಿ ಜೀವಿಯ ಪೂರ್ಣ ಜೀವನಚಕ್ರ ಬರೆಯದೆ ವಿದ್ಯಾರ್ಥಿಯ ಚಿತ್ರಕ್ಕೆ ಅಂಕ ಕೊಡದಿದ್ದ ನಮ್ಮ ಗುರುಗಳು ಇಲ್ಲಿದ್ದಿದ್ದರೆ ಇದನ್ನೇ ಕೇಳುತ್ತಿದ್ದರು.

ಪೊರಕೆ ಹಿಡಿದ ಪೌರಕಾರ್ಮಿಕರ ಮೇಲೆ ನನ್ನ ಆಕ್ಷೇಪವಿಲ್ಲ. ಎಲೆ ಗುಡಿಸದಿದ್ದರೆ ಚರಂಡಿ ಕಟ್ಟಿ ಮಳೆನೀರು ಮನೆಗೆ ನುಗ್ಗುತ್ತದೆ. ನನ್ನ ಆಕ್ಷೇಪ ವಿಜ್ಞಾನಿಗಳ ಮೇಲೆ. ಗಾಳಿಯನ್ನು ಅಳೆಯುವ ಯಂತ್ರವಿದೆ ಎಂದು ಗಾಳಿಯನ್ನೇ ಅಳೆದರು, ಮರದ ಬುಡವನ್ನು ನೋಡಲಿಲ್ಲ.

ನಮ್ಮ ಹೊಂಗೆಯ ಎಲೆಗೂ ಇಂಥದೇ ಕಪ್ಪು ಮಚ್ಚೆ ಬರುತ್ತದೆ. ಅದನ್ನುಂಟುಮಾಡುವುದು ಫಿಲ್ಲಾಕೋರಾ ಎಂಬ ಬೇರೆ ಶಿಲೀಂಧ್ರ. ಹೊಂಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರು ತಳೆಯುತ್ತದೆ. ನಡುವೆ ಸಿಕಮೋರಿನ ದೀರ್ಘ ಚಳಿಗಾಲವಿಲ್ಲ. ಆದ್ದರಿಂದ ಎಡಿನ್‌ಬರೋದ ತೀರ್ಮಾನವನ್ನು ಬೆಂಗಳೂರಿಗೆ ಹಾಗೆಯೇ ತಂದು ಹೊದಿಸಬಾರದು, ಇಲ್ಲಿಯೇ ಪರೀಕ್ಷಿಸಬೇಕು. ಒಂದೇ ರಸ್ತೆ, ಅದೇ ವಾಹನಗಳ ಹೊಗೆ, ಎರಡು ಬದಿ ಹೊಂಗೆ ಸಾಲು. ಒಂದು ಬದಿಯ ತರಗೆಲೆಯನ್ನು ಎಂದಿನಂತೆ ಗುಡಿಸಲಿ. ಇನ್ನೊಂದು ಬದಿಯದನ್ನು ಮರದ ಬುಡದಲ್ಲೇ ಪಾತಿ ಕಟ್ಟಿ ಬಿಡಲಿ. ಚಿಗುರು ಬಲಿತ ಮೇಲೆ ಎರಡೂ ಸಾಲಿನ ಎಲೆಗಳ ಮಚ್ಚೆ ಎಣಿಸೋಣ. ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ; ಪಾಲಿಕೆಯ ಒಪ್ಪಿಗೆ ಮತ್ತು ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಸಾಕು.