ಬಂಗಾರಪೇಟೆಗೆ ಬಂದ ರೈಲು, ನಮ್ಮ ಕಡೆ ಬಾರದ ರೈಲು

ನಮ್ಮೂರು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ. ರೈಲು ಹತ್ತಬೇಕು ಅಂದ್ರೆ ನಾವು ಮೊದಲು ಬಸ್ ಹತ್ತಬೇಕು. ಕೊಳ್ಳೇಗಾಲಕ್ಕೊಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೋ ಮೈಸೂರಿಗೋ ಇನ್ನೊಂದು. ಊರಿಗೆ ಹೋದಾಗಲೆಲ್ಲ ಹಿರಿಯರೊಬ್ಬರು ಕೇಳ್ತಾರೆ: ‘ಟಿವೀಲಿ ದಿನಾ ಮಾತಾಡ್ತೀಯಲ್ಲಪ್ಪ, ನಮ್ ಕಡೀಕೆ ರೈಲು ಯಾವಾಗ ಬತ್ತದ?’

ಉತ್ತರ ಹುಡುಕೋಕೆ ಬಂಗಾರಪೇಟೆಗೆ ಹೋಗೋಣ ಬನ್ನಿ.

ಚಿನ್ನದ ಗಣಿಯ ಪಕ್ಕದ ಊರು, ಅದಕ್ಕೇ ಬಂಗಾರಪೇಟೆ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಅಲ್ಲ. ಅದರ ಹಳೇ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತು. ದಾರಿಯಲ್ಲೊಂದು ನಿಲ್ದಾಣ, ಅದರ ಸುತ್ತ ಅಂಗಡಿ, ಮಂಡಿ, ಮನೆ. ಊರಿಗೆ ರೈಲು ಬಂದದ್ದಲ್ಲ ಸ್ವಾಮಿ, ರೈಲಿಗೆ ಊರು ಬಂದದ್ದು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಅಲ್ಲಿ ಒಂದೇ ಪಾನಿಪುರಿ ಗಾಡಿ ಮುಂದೆ ನಿಲ್ಲುತ್ತವೆ. ಆ ಪಾನಿಪುರಿಯ ನೀರೂ ಬೇರೆ ಊರಿನ ಹಾಗೆ ಹಸಿರಲ್ಲ, ತಿಳಿಯಾಗಿರುತ್ತೆ!

ಆಮೇಲೆ ಕೋಲಾರದಲ್ಲಿ ಚಿನ್ನ ಸಿಕ್ಕಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ಕವಲು ಹಳಿ ಬಿತ್ತು, ಊರು ಜಂಕ್ಷನ್ ಆಯ್ತು. ಗಣಿಗೆ ಕರೆಂಟೂ ಬೇಕಲ್ಲ? 1902ರಲ್ಲಿ ಅದು ಹೋದದ್ದು ಎಲ್ಲಿಂದ ಗೊತ್ತಾ? ನಮ್ಮ ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಿಂದ! ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ನಮ್ಮ ಪಕ್ಕದ ಕಾವೇರಿ ಅಷ್ಟು ದೂರದ ಗಣಿಗೆ ಬೆಳಕಾದಳು. ನಮ್ಮ ಹಳ್ಳಿಗಳಲ್ಲಿ ಆಗ ಸೀಮೆಎಣ್ಣೆ ಬುಡ್ಡಿ.

ಇದರಲ್ಲೇ ಉತ್ತರ ಇದೆ. ಅವತ್ತು ಹಳಿ, ತಂತಿ ಎರಡೂ ಜನರನ್ನು ನೋಡಿ ಬರಲಿಲ್ಲ, ನೆಲದೊಳಗಿನದನ್ನು ನೋಡಿ ಬಂದವು.

ಆದರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೊತ್ತ ಹಳಿ ಈಗ ಏನು ಹೊರುತ್ತೆ? ಮನುಷ್ಯರನ್ನು. ಕತ್ತಲಿರುವಾಗಲೇ ಬುತ್ತಿ ಹಿಡಿದು ಬೆಂಗಳೂರಿಗೆ ಹೊರಡ್ತಾರೆ, ರಾತ್ರಿ ವಾಪಸ್. ಸೀಟಿಲ್ಲ, ನಿದ್ದೆ ಇಲ್ಲ, ನಿಜ. ಆದರೆ ಮನೆ ಬಿಟ್ಟಿಲ್ಲ, ಮಕ್ಕಳ ಮುಖ ದಿನಾ ನೋಡ್ತಾರೆ. ನಮ್ಮ ಹನೂರು ಕಡೆಯ ಹುಡುಗರು? ಕೂಲಿಗೆ ಹೋದವರು ಹಬ್ಬಕ್ಕೆ ಬರ್ತಾರೆ, ಅಷ್ಟೇ.

ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ರೈಲುಮಾರ್ಗ ಅನ್ನೋ ಮಾತು ವರ್ಷಗಳಿಂದ ಕೇಳ್ತಾ ಇದ್ದೀವಿ. ಪ್ರತಿ ಬಜೆಟ್‌ನಲ್ಲೂ ‘ಲಾಭ ಎಷ್ಟು’ ಅನ್ನೋ ಲೆಕ್ಕ. ಮಾದಪ್ಪನ ಬೆಟ್ಟಕ್ಕೆ ಬರೋ ಲಕ್ಷಾಂತರ ಭಕ್ತರು, ನಮ್ಮ ರೇಷ್ಮೆ, ಅರಿಶಿನ ಲೆಕ್ಕಕ್ಕೆ ಬರೋದಿಲ್ವಾ?

ಅಜ್ಜಾ, ರೈಲು ಯಾವಾಗ ಬರುತ್ತೆ ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು: ನಮ್ಮ ನೆಲದಲ್ಲಿ ಚಿನ್ನ ಇಲ್ಲ, ಜನ ಇದ್ದಾರೆ. ಅವರಿಗಾಗಿ ಹಳಿ ಹಾಕೋ ಕಾಲ ಬರಬೇಕು. ಕೇಳ್ತಾ ಇರಿ. ನಾನೂ ಕೇಳ್ತೀನಿ.