ಮಾತನ್ನು ತಿದ್ದಿ, ಮನುಷ್ಯನನ್ನು ಓಡಿಸಬೇಡಿ

(ಯುವ ಕಾರ್ಯಕರ್ತರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಸಂಬಳ ಕೊಡುವ ಜಾಗದಲ್ಲಿ ಬೈಸಿಕೊಂಡವನು ಹಲ್ಲು ಕಚ್ಚಿಕೊಂಡು ತಿಂಗಳ ಕೊನೆಯವರೆಗಾದರೂ ಇರುತ್ತಾನೆ. ಸಂಬಳವಿಲ್ಲದ ಜಾಗದಲ್ಲಿ ಬೈಸಿಕೊಂಡವನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ. ಮತ್ತೆ ಬರುವುದಿಲ್ಲ. ಇದಿಷ್ಟನ್ನು ನೀವು ನೆನಪಿಟ್ಟುಕೊಂಡರೆ ನನ್ನ ಭಾಷಣ ಅರ್ಧ ಮುಗಿದ ಹಾಗೆ.

ನಾನು ಪಿಯುಸಿವರೆಗೆ ಓದಿದವನು. ಪ್ರೆಸ್ ನಡೆಸುತ್ತೇನೆ. ಕಂಪ್ಯೂಟರ್ ಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಕರಡು ತಿದ್ದುವುದು ಗೊತ್ತು. ಕರಡು ತಿದ್ದುವವನು ತಪ್ಪು ಅಕ್ಷರಕ್ಕೆ ಗೆರೆ ಎಳೆಯುತ್ತಾನೆ, ಅಂಚಿನಲ್ಲಿ ಸರಿಯಾದದ್ದನ್ನು ಬರೆಯುತ್ತಾನೆ. ಅಷ್ಟೇ. ಕಂಪೋಸ್ ಮಾಡಿದವನ ಜಾತಿ, ಊರು, ಅಪ್ಪನ ಹೆಸರನ್ನು ಅಂಚಿನಲ್ಲಿ ಬರೆಯುವುದಿಲ್ಲ. ಈ ಕಣ್ಣಿನಿಂದಲೇ ನಾನು ವಿಕಿಪೀಡಿಯವನ್ನು ನೋಡಿದ್ದೇನೆ.

ವಿಕಿಪೀಡಿಯ ಹುಟ್ಟಿದ್ದು 2001ರ ಜನವರಿ 15ರಂದು. ಕನ್ನಡದ್ದು ಶುರುವಾಗಿದ್ದು 2003ರಲ್ಲಿ. ಇವತ್ತು ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಬರೆದವರಿಗೆ ಸಂಬಳವಿಲ್ಲ, ಸನ್ಮಾನವಿಲ್ಲ, ಶಾಲು ಹಾರ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಪ್ರತಿ ಲೇಖನದ ಬೆನ್ನಿಗೂ ಒಂದು ಚರ್ಚೆ ಪುಟವಿದೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂಬ ಇತಿಹಾಸವೂ ಇದೆ. ಎಲ್ಲರೂ ಕೂತು ಮಾತಾಡುವ ಪುಟಕ್ಕೆ ನಮ್ಮವರು ಇಟ್ಟ ಹೆಸರೇನು ಗೊತ್ತೇ? ಅರಳಿ ಕಟ್ಟೆ! ಎಂಥ ಚೆಂದದ ಹೆಸರು ನೋಡಿ. ಅರಳಿ ಕಟ್ಟೆ ಎಂದ ಮೇಲೆ ಜಗಳವೂ ಇರುತ್ತದೆ, ಪಂಚಾಯ್ತಿಯೂ ಇರುತ್ತದೆ.

ಜಗಳ ಇರಲೇಬೇಕು. ಸಾವಿರ ಜನ ಕೂಡಿ ಒಂದು ಪುಸ್ತಕ ಬರೆಯುವಾಗ ಎಲ್ಲರೂ ತಲೆಯಾಡಿಸುತ್ತಿದ್ದರೆ ಯಾರೂ ಓದುತ್ತಿಲ್ಲ ಎಂದೇ ಅರ್ಥ. ಅದಕ್ಕೇ ವಿಕಿಪೀಡಿಯದವರು ಜಗಳ ಬೇಡ ಎನ್ನಲಿಲ್ಲ, ಜಗಳಕ್ಕೆ ನಿಯಮ ಮಾಡಿದರು. ಎದುರಿನವನು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾನೆ ಎಂದು ಮೊದಲು ನಂಬಿ. ಬರಹದ ಬಗ್ಗೆ ಮಾತಾಡಿ, ಬರೆದವನ ಬಗ್ಗೆ ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇನ್ನೂ ಒಂದಿದೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ 3 ಸಲಕ್ಕಿಂತ ಹೆಚ್ಚು ಬಾರಿ ಬೇರೆಯವರ ತಿದ್ದುಪಡಿಯನ್ನು ಅಳಿಸಿಹಾಕಿದರೆ ನಿಮ್ಮನ್ನೇ ತಡೆಹಿಡಿಯಬಹುದು. ನೀವು ಹೇಳಿದ್ದು ಸರಿಯೇ ಇದ್ದರೂ! ಸರಿ ಇದ್ದ ಮಾತ್ರಕ್ಕೆ ರಂಪ ಮಾಡುವ ಹಕ್ಕು ಬರುವುದಿಲ್ಲ ಎಂದು ಇದರ ಅರ್ಥ.

ಕಾವಲುಗಾರರೇ ಮಾಲೀಕರಾದಾಗ

ನಿಯಮ ಕಾಯಲು ನಿರ್ವಾಹಕರು ಇರುತ್ತಾರೆ. ಪುಟ ಅಳಿಸುವುದು, ಬೀಗ ಹಾಕುವುದು, ಬಳಕೆದಾರನನ್ನು ತಡೆಯುವುದು ಇವರ ಕೈಯಲ್ಲಿದೆ. ಇವರೂ ಸಂಬಳವಿಲ್ಲದವರೇ. ಇವರೇ ದಾರಿ ತಪ್ಪಿದರೆ?

ಯುರೋಪಿನ ಕ್ರೊಯೇಷಿಯಾ ಸಣ್ಣ ದೇಶ. ಅವರ ಭಾಷೆಯ ವಿಕಿಪೀಡಿಯ ಶುರುವಾಗಿದ್ದೂ 2003ರಲ್ಲೇ, ಅಂದರೆ ನಮ್ಮದರ ಓರಗೆಯದು. ಅಲ್ಲಿ ಕೆಲವೇ ನಿರ್ವಾಹಕರು ಒಂದು ಗುಂಪು ಕಟ್ಟಿಕೊಂಡರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಉಸ್ತಾಶಾ ಆಡಳಿತ ಯಾಸೆನೊವಾಟ್ಸ್ ಎಂಬಲ್ಲಿ ಶಿಬಿರ ನಡೆಸಿ ಸರ್ಬರನ್ನು, ಯಹೂದಿಗಳನ್ನು, ರೋಮಾ ಜನರನ್ನು ಕೊಂದಿತ್ತು. ಆ ಘೋರವನ್ನು ಈ ಗುಂಪು ತೆಳ್ಳಗೆ ಮಾಡಿ ಬರೆಸಿತು. ಪ್ರಶ್ನೆ ಕೇಳಿದವರಿಗೆ ಏನಾಯಿತು? 'ಶಿಸ್ತು ಮುರಿದೆ' ಎಂದು ಹೇಳಿ ತಡೆ ಹಾಕಿದರು. ಕಳ್ಳ ಖಾತೆ ಮಾಡಿಕೊಂಡು ಮತದಾನವನ್ನೂ ಕೆಡಿಸಿದರು.

2013ರಲ್ಲಿ ಆ ದೇಶದ ಶಿಕ್ಷಣ ಮಂತ್ರಿ ಝೆಲ್ಕೊ ಯೊವಾನೊವಿಚ್ ಅವರೇ ವಿದ್ಯಾರ್ಥಿಗಳಿಗೆ, ಕ್ರೊಯೇಷಿಯನ್ ವಿಕಿಪೀಡಿಯ ನೋಡಬೇಡಿ ಎಂದು ಬುದ್ಧಿ ಹೇಳಬೇಕಾಯಿತು. ತನ್ನ ಭಾಷೆಯ ವಿಶ್ವಕೋಶವನ್ನು ಓದಬೇಡಿ ಎಂದು ತನ್ನ ಮಂತ್ರಿಯೇ ಹೇಳುವುದು! ಭಾಷೆಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ವಿಕಿಮೀಡಿಯಾ ಫೌಂಡೇಶನ್ ಮಾಡಿಸಿದ ವರದಿ ಹೊರಬಂದಿದ್ದು 2021ರಲ್ಲಿ. ಸುಮಾರು ಹತ್ತು ವರ್ಷ ಒಂದು ಗುಂಪು ಅಧಿಕಾರ ದುರುಪಯೋಗ ಮಾಡಿತ್ತು ಎಂದು ಅದು ಹೇಳಿತು. ಆ ಭಾಷೆಗೆ ಹೊರಗಿನ ಶತ್ರು ಬೇಕಾಗಲಿಲ್ಲ. 'ಭಾಷೆ ಕಾಯುತ್ತೇವೆ' ಎಂದವರೇ ಸಾಕಾದರು.

ಆಕ್ಷೇಪ ಎತ್ತುವವರೇ ಇಲ್ಲದಾಗ

ಇದಕ್ಕೆ ತದ್ವಿರುದ್ಧದ ಕತೆ ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯದು. ಕ್ರೊಯೇಷಿಯಾದಲ್ಲಿ ಆಕ್ಷೇಪಿಸಿದವರನ್ನು ಹೊರಗಟ್ಟಿದರು, ಇಲ್ಲಿ ಆಕ್ಷೇಪಿಸಲು ಜನವೇ ಇರಲಿಲ್ಲ. ಆ ಭಾಷೆ ಬಾರದ ಅಮೆರಿಕದ ಒಬ್ಬ ಹುಡುಗ ಸ್ಕಾಟ್ಸ್ ವಿಕಿಪೀಡಿಯದಲ್ಲಿ ವರ್ಷಗಟ್ಟಲೆ ಬರೆದ. ಇಂಗ್ಲಿಷ್ ವಾಕ್ಯಕ್ಕೆ ನಿಘಂಟಿನ ಸ್ಕಾಟ್ಸ್ ಪದ ಅಂಟಿಸಿ, ಸಾವಿರಾರು ಲೇಖನ ತುಂಬಿಸಿದ. 2020ರ ಆಗಸ್ಟ್‌ನಲ್ಲಿ ಇದು ಬಯಲಾಯಿತು. ಆಮೇಲೆ ಜನ ಏನು ಮಾಡಿದರು? ಹಲವರು ಆ ಹುಡುಗನ ಮೇಲೆ ಬೈಗುಳದ ಮಳೆ ಸುರಿಸಿದರು. ಇನ್ನು ಕೆಲವರು ಒಟ್ಟುಗೂಡಿ ಲೇಖನ ತಿದ್ದಲು ಕೂತರು. ನೀವೇ ಹೇಳಿ, ಈ ಇಬ್ಬರಲ್ಲಿ ಭಾಷೆಯ ಕೆಲಸ ಮಾಡಿದವರು ಯಾರು? ಬೈಗುಳದಿಂದ ಒಂದು ಕಾಗುಣಿತವೂ ಸರಿಯಾಗಲಿಲ್ಲ.

ಹಾಗಾದರೆ ಸಭ್ಯತೆಯನ್ನು ಮೇಲಿನಿಂದ ಹೇರಿದರೆ ಆಯಿತೇ? ಅದೂ ಆಗುವುದಿಲ್ಲ. 2019ರ ಜೂನ್‌ನಲ್ಲಿ ಫೌಂಡೇಶನ್ ಇಂಗ್ಲಿಷ್ ವಿಕಿಪೀಡಿಯದ ಒಬ್ಬ ನಿರ್ವಾಹಕರನ್ನು ಒಂದು ವರ್ಷ ನಿಷೇಧಿಸಿತು. ಕಿರುಕುಳದ ಆರೋಪವಿತ್ತು, ಆದರೆ ಸಾಕ್ಷ್ಯವನ್ನು ಸಮುದಾಯದ ಮುಂದಿಡಲಿಲ್ಲ. ದೂರು ಕೊಟ್ಟವರ ರಕ್ಷಣೆ ಮುಖ್ಯ ಎಂಬುದು ಅವರ ವಾದ. ಆ ವಾದದಲ್ಲೂ ಹುರುಳಿತ್ತು. ಆದರೂ 20ಕ್ಕೂ ಹೆಚ್ಚು ನಿರ್ವಾಹಕರು ಅಧಿಕಾರ ಬಿಟ್ಟು ಪ್ರತಿಭಟಿಸಿದರು. ಕೊನೆಗೆ ಸಮುದಾಯವೇ ಆರಿಸಿದ ಪಂಚಾಯ್ತಿ ಮಂಡಳಿ ವಿಚಾರಣೆ ಮಾಡಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಷೇಧ ತೆಗೆಯಿತು. ನಿರ್ವಾಹಕ ಪಟ್ಟವನ್ನು ಮಾತ್ರ ವಾಪಸು ಕೊಡಲಿಲ್ಲ. ತಮ್ಮವರೇ ಕೂತು ಕೊಟ್ಟ ತೀರ್ಪು ಬೇರೆ, ಮೇಲಿನಿಂದ ಬಂದ ಹುಕುಂ ಬೇರೆ.

ನಮ್ಮ ಕಟ್ಟೆಯ ಮಾತು

ಈಗ ನಮ್ಮ ಕಡೆ ಬನ್ನಿ. ಬರವಣಿಗೆಯಲ್ಲಿ ಮಹಾಪ್ರಾಣ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಡಿ.ಎನ್. ಶಂಕರ ಭಟ್ಟರು ಎತ್ತಿದರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಪ್ರೆಸ್ಸಿನವನಾಗಿ ನನಗೂ ಅದರ ಬಗ್ಗೆ ತಕರಾರಿದೆ. ಆದರೆ ಹಾಗೆ ಬರೆಯುವ ಹುಡುಗನನ್ನು 'ಕನ್ನಡದ್ರೋಹಿ' ಎನ್ನುವವರನ್ನು, ಒಪ್ಪದವರನ್ನು 'ಸಂಸ್ಕೃತದ ಗುಲಾಮ' ಎನ್ನುವವರನ್ನು ಕಂಡಿದ್ದೇನೆ. ಎರಡೂ ಕಡೆಯವರು ಕನ್ನಡದಲ್ಲೇ ಬೈಯುತ್ತಾರೆ, ಅಷ್ಟೇ ಸಮಾಧಾನ! ಇಂಗ್ಲಿಷಿನ ಕಟ್ಟೆಯಿಂದ ನೂರು ಜನ ಎದ್ದುಹೋದರೆ ಮತ್ತೆ ಇನ್ನೂರು ಜನ ಬರುತ್ತಾರೆ. ನಮ್ಮ ಕಟ್ಟೆಯಲ್ಲಿ ಕೂತಿರುವವರೇ ಬೆರಳೆಣಿಕೆಯಷ್ಟು. ಒಬ್ಬ ಎದ್ದರೆ ಆ ಜಾಗ ಹಾಗೇ ಖಾಲಿ.

ಅದಕ್ಕೇ ಹೇಳುತ್ತೇನೆ ಕೇಳಿ. ಹೊಸಬ ತಪ್ಪು ಬರೆದರೆ ಅಳಿಸಿ ಸುಮ್ಮನಾಗಬೇಡಿ, ಯಾಕೆ ಅಳಿಸಿದ್ದು ಎಂದು ಒಂದು ಸಾಲು ಬರೆಯಿರಿ. ವಾದ ಬಂದರೆ ಆಧಾರ ಕೇಳಿ, ಊರು ಜಾತಿ ಕೇಳಬೇಡಿ. ನಿರ್ವಾಹಕನಿಗೆ ಯಾರ ಜೊತೆ ಜಗಳವೋ ಅವರ ಮೇಲೆ ಅವನೇ ತಡೆ ಹಾಕಬಾರದು, ಬೇರೊಬ್ಬರು ನೋಡಲಿ. ತಡೆ ಹಾಕಿದರೆ ಕಾರಣ, ಅವಧಿ, ಮೇಲ್ಮನವಿಯ ದಾರಿ ಮೂರನ್ನೂ ತಿಳಿಸಲಿ. ಇನ್ನು, ಹೆಣ್ಣುಮಕ್ಕಳಿಗೆ ಕೊಳಕು ಮಾತಾಡುವವನು, ಬೆದರಿಕೆ ಹಾಕುವವನು ಭಿನ್ನಮತದವನಲ್ಲ. ಅವನನ್ನು ಮುಲಾಜಿಲ್ಲದೆ ಹೊರಗೆ ಹಾಕಿ. ಭಿನ್ನಮತಕ್ಕೂ ಪುಂಡಾಟಿಕೆಗೂ ವ್ಯತ್ಯಾಸ ಗೊತ್ತಿರುವವನೇ ಒಳ್ಳೆಯ ನಿರ್ವಾಹಕ.

ಅಚ್ಚಿಗೆ ಹೋಗುವ ಮುಂಚೆ ತಪ್ಪು ತೋರಿಸುವವನು ಪ್ರೆಸ್ಸಿನ ಶತ್ರುವಲ್ಲ, ಅವನಿಂದಲೇ ಪ್ರೆಸ್ಸಿನ ಮಾನ ಉಳಿಯುವುದು. 'ಇದು ಸರಿಯಿಲ್ಲ' ಎಂದು ಕನ್ನಡದಲ್ಲಿ ಹೇಳಲು ಒಬ್ಬ ಹುಡುಗ, ಒಬ್ಬ ಹುಡುಗಿ ಪುಕ್ಕಟೆಯಾಗಿ ತಮ್ಮ ಸಂಜೆಯನ್ನು ಕೊಡುತ್ತಿದ್ದಾರೆ ಎಂದರೆ ಅದು ನಮ್ಮ ಭಾಗ್ಯ. ಅವರಿಗೆ ಕಟ್ಟೆಯ ಮೇಲೆ ಜಾಗ ಬಿಡಿ.

ಸಿರಿಗನ್ನಡಂ ಗೆಲ್ಗೆ!