ಕ್ಯಾನ್ಸರ್ ಪೀಡಿತ ಮನೆಗೆ ಹಣದ ಜೊತೆ ಬೇಕಾದದ್ದು

(ವಂಡ್ಸೆಯಲ್ಲಿ ಜಮಾಅತ್‌ನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಜುಮಾ ನಮಾಝ್‌ನ ಬಳಿಕ ಮಸೀದಿಯ ಬಾಗಿಲಲ್ಲಿ ಬಟ್ಟೆ ಹಾಸಿ ರೋಗಿಯೊಬ್ಬರಿಗಾಗಿ ಹಣ ಸಂಗ್ರಹಿಸುವುದು ನಮ್ಮಲ್ಲಿ ಹೊಸತೇನಲ್ಲ. ಕ್ಯಾನ್ಸರ್ ಎಂಬ ಹೆಸರು ಕೇಳಿದ ಮೇಲೂ ಜೇಬಿಗೆ ಕೈ ಹಾಕದವರು ಕಡಿಮೆ. ಈ ಔದಾರ್ಯವನ್ನು ಅಲ್ಲಾಹನು ಸ್ವೀಕರಿಸಲಿ. ಆದರೆ ಆ ಹಣವನ್ನು ಪಡೆದು ಮನೆಗೆ ಮರಳುವ ಕುಟುಂಬಕ್ಕೆ ಅಷ್ಟೇ ತುರ್ತಾಗಿ ಬೇಕಾದದ್ದು ಇನ್ನೊಂದಿದೆ. ಅದು ತಿಳಿವಳಿಕೆ. ಅದನ್ನು ಒದಗಿಸುವ ಏರ್ಪಾಡು ನಮ್ಮ ಜಮಾಅತ್‌ಗಳಲ್ಲಿ ಅಪರೂಪ.

ಹೆಮ್ಮಾಡಿ, ಕುಂದಾಪುರ, ಬ್ರಹ್ಮಾವರ ದಾಟಿ ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬಯಾಪ್ಸಿಯ ವರದಿ ಇಂಗ್ಲಿಷಿನಲ್ಲಿದೆ. ಮನೆಯ ಮಾತು ಉರ್ದುವೋ ಬ್ಯಾರಿಯೋ ಕುಂದಾಪುರ ಕನ್ನಡವೋ ಆಗಿದೆ. ವೈದ್ಯರು ವಿವರಿಸಿದ್ದರಲ್ಲಿ ಅರ್ಧವೂ ಗಾಬರಿಗೊಂಡ ಮನಸ್ಸಿನಲ್ಲಿ ಉಳಿಯುವುದಿಲ್ಲ. ಕೊನೆಗೆ ಹೈಸ್ಕೂಲಿಗೆ ಹೋಗುವ ಮಗಳೇ ಫೈಲು ಬಿಡಿಸಿ ತಾಯಿಯ ರೋಗವನ್ನು ತಂದೆಗೆ ಓದಿ ಹೇಳಬೇಕಾಗುತ್ತದೆ. ಆ ಮಗುವಿನ ಮೇಲೆ ಬೀಳುವ ಭಾರವನ್ನು ಯಾವ ಚಂದಾ ಹಣವೂ ಇಳಿಸಲಾರದು.

ಹಾಗಾದರೆ ಮನೆಯವರು ಕೇಳಿ ತಿಳಿಯಬೇಕಾದುದೇನು? ರೋಗವು ಯಾವ ಅಂಗದಲ್ಲಿದೆ, ಎಷ್ಟು ಹರಡಿದೆ, ಕೊಡುತ್ತಿರುವ ಚಿಕಿತ್ಸೆ ಗುಣಪಡಿಸಲಿಕ್ಕೋ ಅಥವಾ ಸಂಕಟ ತಗ್ಗಿಸಲಿಕ್ಕೋ, ರಾತ್ರಿ ಹೊತ್ತಿನಲ್ಲಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಇವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಒಯ್ದು, ಉತ್ತರವನ್ನು ಅಲ್ಲಿಯೇ ಬರೆದುಕೊಂಡು ಬಂದರೆ ಸಾಕು. ರೇಡಿಯೇಶನ್ ಎಂದರೆ ಹೆಚ್ಚಿನವರಿಗೆ ವಾರಕ್ಕೆ ಐದು ದಿನದಂತೆ ಹಲವು ವಾರಗಳ ಓಡಾಟ. ಇದು ಮೊದಲೇ ತಿಳಿದಿದ್ದರೆ ಆಸ್ಪತ್ರೆಯ ಹತ್ತಿರ ತಂಗುವ ವ್ಯವಸ್ಥೆಯನ್ನಾದರೂ ಮಾಡಿಕೊಳ್ಳಬಹುದು. ಅರ್ಧದಲ್ಲಿ ಚಿಕಿತ್ಸೆ ಬಿಡುವ ಪ್ರಸಂಗ ಬರಲಾರದು.

ಜೀವ ಉಳಿಸುವ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಿಮೋಥೆರಪಿಯ ನಂತರದ ದಿನಗಳಲ್ಲಿ ರಕ್ತದ ಬಿಳಿಕಣಗಳು ತೀರಾ ಇಳಿಯುತ್ತವೆ, ಸೋಂಕನ್ನು ಎದುರಿಸುವ ಶಕ್ತಿ ದೇಹಕ್ಕಿರುವುದಿಲ್ಲ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಅದು ಸಾಮಾನ್ಯ ಜ್ವರವಲ್ಲ. ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು.

ಇದೇ ಕಾರಣಕ್ಕೆ ನಮ್ಮ ರೋಗಿ ಸಂದರ್ಶನದ ಕ್ರಮವೂ ಬದಲಾಗಬೇಕಾಗಿದೆ. ರೋಗಿಯನ್ನು ಸಂದರ್ಶಿಸುವುದು ಪ್ರವಾದಿ(ಸ)ರ ಸುನ್ನತ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೀತ, ಕೆಮ್ಮು ಇಟ್ಟುಕೊಂಡು, ಮಕ್ಕಳು ಮರಿಗಳೊಂದಿಗೆ ಬಂದು, ಗಂಟೆಗಟ್ಟಲೆ ಕುಳಿತು, ಇಂಥ ರೋಗದಿಂದ ಯಾರು ಯಾರು ತೀರಿಕೊಂಡರೆಂದು ಲೆಕ್ಕ ಒಪ್ಪಿಸುವುದು ಯಾವ ಸುನ್ನತ್? ಭೇಟಿ ಚಿಕ್ಕದಾಗಿರಬೇಕೆಂದು ವಿದ್ವಾಂಸರು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಚಹಾ ಮಾಡಿ ಮಾಡಿ ಬಳಲುವ ಸೊಸೆಯಂದಿರನ್ನು ಕೇಳಿದರೆ ಅವರೂ ಅದನ್ನೇ ಹೇಳಿಯಾರು.

ಇನ್ನು ಮುಚ್ಚಿಡುವ ವಿಚಾರ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ನೆರೆಯವರಿಂದ ಮರೆಮಾಚುತ್ತಾರೆ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೆಚ್ಚಿನ ಪ್ರಕರಣಗಳು ವಂಶಪಾರಂಪರ್ಯವೂ ಅಲ್ಲ. ಅದಕ್ಕಿಂತ ಗಂಭೀರವಾದುದು ರೋಗಿಯಿಂದಲೇ ಮುಚ್ಚಿಡುವುದು. "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ" ಎಂದು ಮಗ ವೈದ್ಯರಲ್ಲಿ ಬೇಡಿಕೊಳ್ಳುತ್ತಾನೆ. ಅದರ ಹಿಂದಿರುವುದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಆ ತಂದೆಗೆ ಕೊಡಬೇಕಾದ ಸಾಲವಿರಬಹುದು, ಇನ್ನೊಬ್ಬರ ಅಮಾನತ್ ಕೈಯಲ್ಲಿರಬಹುದು, ಮಾತು ಬಿಟ್ಟ ತಮ್ಮನಲ್ಲಿ ಕ್ಷಮೆ ಕೇಳಬೇಕೆಂಬ ಆಸೆಯಿರಬಹುದು. ಸಾಲ, ಅಮಾನತ್‌ಗಳಿರುವವನಿಗೆ ವಸಿಯ್ಯತ್ ಎಷ್ಟು ಮುಖ್ಯವೆಂದು ನಮ್ಮ ಶರೀಅತ್ ಕಲಿಸುತ್ತದೆ. ತನ್ನ ಸ್ಥಿತಿಯನ್ನು ಅರಿಯದವನು ವಸಿಯ್ಯತ್ ಬರೆಯುವುದು ಹೇಗೆ? ಎಷ್ಟು ತಿಳಿಯಲು ಬಯಸುತ್ತೀರಿ ಎಂದು ಮೊದಲು ರೋಗಿಯನ್ನೇ ಕೇಳಬೇಕು. ಕೇಳಿದಷ್ಟನ್ನು ಮೃದುವಾಗಿ, ಸುಳ್ಳಿಲ್ಲದೆ ಹೇಳಬೇಕು. ಮಕ್ಕಳಿಗೂ ಅಷ್ಟೇ. ಏನೂ ಹೇಳದಿದ್ದರೆ ಮಗು ತನ್ನ ತಪ್ಪಿನಿಂದಲೇ ಅಮ್ಮನಿಗೆ ಹೀಗಾಯಿತೆಂದು ಭಾವಿಸುವುದುಂಟು.

ನೋವಿನ ವಿಷಯದಲ್ಲೂ ಅಜ್ಞಾನ ಬಹಳವಿದೆ. ಮಾರ್ಫಿನ್ ಅಮಲಿನ ವಸ್ತು, ಹರಾಮ್, ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ರೋಗಿಯನ್ನು ನರಳಲು ಬಿಡುವವರಿದ್ದಾರೆ. ವೈದ್ಯರು ಅಳೆದು ಕೊಡುವ ಮಾರ್ಫಿನ್ ಔಷಧ. ಅನಿವಾರ್ಯ ಸಂದರ್ಭದಲ್ಲಿ ಅದನ್ನು ವಿದ್ವಾಂಸರು ಅನುಮತಿಸಿದ್ದಾರೆ. ನೋವಿನ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾನೂನಿಗೆ ತಿದ್ದುಪಡಿ ತರಲಾಯಿತು. ರಮಝಾನ್ ಬಂದಾಗ ಹಠ ಹಿಡಿದು ಉಪವಾಸ ಕೂರುವ ರೋಗಿಗೂ ಕುರ್‌ಆನ್ ನೀಡಿದ ವಿನಾಯಿತಿಯನ್ನು ಖತೀಬರೇ ಮನೆಗೆ ಹೋಗಿ ತಿಳಿಸಿಕೊಟ್ಟರೆ ಒಳ್ಳೆಯದು.

ಈ ಕೆಲಸ ಸಾಮಾನ್ಯ ಜನರಿಂದ ಸಾಧ್ಯವೇ ಎಂದು ಕೇಳುವವರು ಕೇರಳದತ್ತ ನೋಡಲಿ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಆರಂಭವಾದ ಪ್ಯಾಲಿಯೇಟಿವ್ ಕ್ಲಿನಿಕ್ಕಿನ ಪ್ರಯತ್ನ ಮಲಪ್ಪುರಂನ ಹಳ್ಳಿಹಳ್ಳಿಗೂ ಹಬ್ಬಿತು. ತರಬೇತಿ ಪಡೆದ ನೆರೆಹೊರೆಯವರು ವಾರಕ್ಕೊಮ್ಮೆ ರೋಗಿಯ ಮನೆಗೆ ಹೋಗಿ ಹಾಸಿಗೆ ಹುಣ್ಣು ತೊಳೆದರು, ಮನೆಯವರಿಗೆ ಆರೈಕೆ ಕಲಿಸಿದರು. 2008ರಲ್ಲಿ ಅಲ್ಲಿನ ಸರಕಾರವೇ ಅದನ್ನು ನೀತಿಯಾಗಿ ಅಂಗೀಕರಿಸಿತು. ಅವರಲ್ಲಿ ಹೆಚ್ಚಿನವರು ವೈದ್ಯರಲ್ಲ, ಶಿಕ್ಷಕರು, ಅಂಗಡಿಯವರು, ವಿದ್ಯಾರ್ಥಿಗಳು.

ಹಣದ ಮಾತಿಗೂ ತಿಳಿವಳಿಕೆಯೇ ಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ. ಆದರೆ ತುರ್ತು ಸಂದರ್ಭದ ಹೊರತು ಖಾಸಗಿ ಆಸ್ಪತ್ರೆಗೆ ದಾಖಲಾಗುವ ಮೊದಲು ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದು ತಿಳಿಯದೆ ನೇರ ಖಾಸಗಿಗೆ ಹೋಗಿ ಚಿನ್ನ ಅಡವಿಟ್ಟವರಿದ್ದಾರೆ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ. 75. ಮುಂಬೈಯ ಟಾಟಾ ಆಸ್ಪತ್ರೆಗೆ ಹೋಗುವವರಿಗೆ ಕುಂದಾಪುರ ನಿಲ್ದಾಣದಿಂದಲೇ ಇದು ಉಪಯೋಗಕ್ಕೆ ಬರುತ್ತದೆ. ಇನ್ನು ಝಕಾತ್. ಅತ್ತೌಬ ಅಧ್ಯಾಯದಲ್ಲಿ ಹೇಳಿದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಬ್ಬರು. ಚಿಕಿತ್ಸೆಯ ಸಾಲದಲ್ಲಿ ಮುಳುಗಿದ ಮನೆ ರಮಝಾನ್‌ನಲ್ಲಿ ಕೈಚಾಚುವ ತನಕ ಕಾಯುವುದೇಕೆ?

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಸರಕಾರಿ ಕ್ಯಾನ್ಸರ್ ಸಂಸ್ಥೆಗೆ ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿದೆ. ಹೆಮ್ಮೆಪಡೋಣ. ಆದರೆ ವಂಡ್ಸೆಯ ಕೂಲಿಕಾರನಿಗೆ ಅದು ಸುಮಾರು 400 ಕಿಲೋಮೀಟರ್ ದೂರ. ಇಂಥ ಚಿಕಿತ್ಸೆ ಸರಕಾರಿ ವೆಚ್ಚದಲ್ಲಿ ನಮ್ಮ ಜಿಲ್ಲೆಯಲ್ಲೇ ಸಿಗಬೇಕೆಂದು ಕೇಳುವಾಗ ಎಲ್ಲ ಸಮುದಾಯದವರೊಂದಿಗೆ ಸೇರಿ ಕೇಳೋಣ, ರೋಗವು ಯಾರ ಜಾತಿಯನ್ನೂ ಕೇಳಿ ಬರುತ್ತಿಲ್ಲ.

ಈ ಸಭೆಯಿಂದ ನಾವು ಬಯಸುವುದು ಇಷ್ಟೇ. ಫೈಲು ಓದಬಲ್ಲ, ರೋಗಿಯೊಡನೆ ಆಸ್ಪತ್ರೆಗೆ ಹೋಗಬಲ್ಲ, ಕಂಡದ್ದನ್ನು ಊರಿಗೆ ಹೇಳದ ಇಬ್ಬರ ಹೆಸರನ್ನು ಮುಂದಿನ ಜುಮಾದೊಳಗೆ ಕಾರ್ಯದರ್ಶಿಯವರಿಗೆ ಕೊಡಿ. ಅವರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು. ಸ್ತನದ ಗಂಟನ್ನು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಉಳಿದುಬಿಡುವ ಸಹೋದರಿ ಅವರಿಗಾದರೂ ಹೇಳಿಯಾಳು.